ಅಳೆಯೋದೋ, ತೂಗೋದೋ

ನನ್ನ ಗಾಡಿ ಬಂದದ್ದು ಯಾರಿಗೂ ಕೇಳಿಸೋದಿಲ್ಲ.
ಮಂಡಿಪೇಟೆಯ ಹಸು ಕೂಡ
ಬಾಲಕ್ಕೆ ತಾಗುವಷ್ಟು ಹತ್ತಿರ ಹೋದ ಮೇಲೇ
ತಿರುಗಿ ನೋಡುತ್ತದೆ, ಬೈಯುವ ಹಾಗೆ.
ಮೂರು ಗಾಲಿ, ಹಸಿರು ನಂಬರ್ ಪ್ಲೇಟು, ಹಳದಿ ಅಕ್ಷರ,
ಬೆನ್ನಿಗೊಂದು ಎಲೆಯ ಚಿತ್ರ. ಯಾವ ಗಿಡದ್ದೋ,
ನಮ್ಮೂರಲ್ಲಿ ಆ ಗಿಡ ನಾನು ಕಂಡಿಲ್ಲ.

ಹದಡಿ ರಸ್ತೆಯ ಗೋದಾಮಿನಲ್ಲಿ ರಾತ್ರಿಯಿಡೀ
ಎಮ್ಮೆ ಮೆಲುಕು ಹಾಕಿದಂತೆ ಚಾರ್ಜಾಗುತ್ತದೆ.
"ದುರ್ಗದ ಗುಡ್ಡದ ಗಾಳಿ ಕರೆಂಟು, ಫಮೀದಾ,
ನೀನು ಓಡಿಸೋದು ಗಾಡಿಯಲ್ಲ, ಗಾಳಿ" ಅನ್ನುತ್ತಾನೆ ತಿಪ್ಪೇಶಿ.
ಗಾಳಿ ಬೀಸದ ದಿನ? ಅಂದರೆ
"ಆವತ್ತು ರಾಯಚೂರಿನ ಕಲ್ಲಿದ್ದಲು" ಅಂತಾನೆ,
ಮೆಲ್ಲಗೆ, ಬೇರೆ ಯಾರದೋ ಮನೆಯ ಗುಟ್ಟು ಹೇಳುವ ಹಾಗೆ.

ಉಗುರುಕಟರ್ ಒಂದಕ್ಕೆ ಮೊಳದುದ್ದದ ಪೆಟ್ಟಿಗೆ.
ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಗಾಳಿ ತುಂಬಿದ ದಿಂಬು:
ಹರಿಯಾಣದಿಂದ ಮಲಗಿಕೊಂಡೇ ಬಂದಿತ್ತು.
ವಿನೋಬನಗರದ ಒಂದು ಮನೆಗೆ ಮೂರು ಅಳತೆಯ ಚಪ್ಪಲಿ,
ಒಂದು ಜೊತೆ ಕಾಲಿಗೆ, ಎರಡು ವಾಪಸಿಗೆ.
ಲಗ್ನಕ್ಕೆ ಉಟ್ಟು ಮಡಚಿದ ಸೀರೆ, ಕಾರಣ "ಬಣ್ಣ ಹೊಂದಲಿಲ್ಲ,"
ಸೆರಗಿನ ಮಡಿಕೆಯಲ್ಲಿ ಅಕ್ಷತೆಯ ಒಂದು ಕಾಳು.
ಕಾಳನ್ನು ಗುಬ್ಬಿಗೆ ಎಸೆದೆ, ಸೀರೆಗೆ ಸ್ಟಿಕ್ಕರ್ ಹಚ್ಚಿದೆ.
ಪಾರ್ಸೆಲ್ಲಿಗೆ ಹನ್ನೊಂದು ರೂಪಾಯಿ.
ವಾಪಸಿಗೆ ಎಂಟು.

ಸಂಜೆ ಫೋನು ಬೆಳಗಿತು:
ಇವತ್ತು ನೀವು ಉಳಿಸಿದ ಹೊಗೆ ನಾಲ್ಕೂವರೆ ಕೆ.ಜಿ.
ಅಮ್ಮಿಗೆ ಓದಿ ಹೇಳಿದೆ. ಭಟ್ಟಿಯಿಂದ ಬಂದು ಕಾಲು ತೊಳೆಯುತ್ತಿದ್ದಳು,
ರೆಪ್ಪೆಯ ಮೇಲಿನ್ನೂ ಮರಳಿನ ಧೂಳು.
"ಹೊಗೆ ತೂಗ್ತಾರೇನೇ? ನಾನು ಅಳೀತಾರೆ ಅಂದ್ಕೊಂಡಿದ್ದೆ,
ಮಂಡಕ್ಕಿ ಥರ, ಸೇರಲ್ಲಿ."
ಆಮೇಲೆ ಕೆಮ್ಮಿದಳು. ಬಹಳ ಹೊತ್ತು ಕೆಮ್ಮಿದಳು.
ಅದು ಎಷ್ಟು ಸೇರು ಅಂತ ನಾನು ಕೇಳಲಿಲ್ಲ.

ಖಾಲಿ ಪೆಟ್ಟಿಗೆಗಳು ದಾದಾಪೀರನ ತಳ್ಳುಗಾಡಿಗೆ ಹೋಗುತ್ತವೆ.
ಒಳ್ಳೆಯವು ಕಾಗದದ ಮಿಲ್ಲಿಗೆ.
ನೆನೆದದ್ದು, ಎಣ್ಣೆ ಕುಡಿದದ್ದು, ಟೇಪು ಬಿಡದ್ದು
ಭಟ್ಟಿ ಸಾಲಿಗೆ.
ನಸುಕಿನ ಮೂರಕ್ಕೆ ಹೊಟ್ಟು ಹತ್ತಿಕೊಳ್ಳದಿದ್ದರೆ
ಅಮ್ಮಿ ಒಂದನ್ನು ಹರಿದು ಒಲೆಬಾಯಿಗೆ ತುರುಕುತ್ತಾಳೆ.
ಮೊನ್ನೆ ನೋಡಿದೆ, ರಟ್ಟಿನ ಮೇಲೆ ಅದೇ ಎಲೆ.
ಅಂಚಿನಿಂದ ಕಪ್ಪಾಗುತ್ತಾ
ನಿಜವಾದ ಎಲೆಯಂತೆಯೇ ಸುರುಳಿ ಸುತ್ತಿಕೊಂಡಿತು.

ಶುಕ್ರವಾರ ಬಂದದ್ದು ತೀರಾ ಹಗುರ ಪೆಟ್ಟಿಗೆ.
ಅಲ್ಲಾಡಿಸಿದರೆ ಸರಸರ.
ಚೀಟಿಯಲ್ಲಿ: ದಾವಣಗೆರೆ ಮಂಡಕ್ಕಿ, ಅಪ್ಪಟ, ಇನ್ನೂರು ಗ್ರಾಂ.
ನಮ್ಮ ಓಣಿಯಲ್ಲಿ ಹುಟ್ಟಿ, ಲಾರಿ ಹತ್ತಿ, ಹೊಸಕೋಟೆಯ ಗೋದಾಮಿನಲ್ಲಿ
ತಿಂಗಳೊಪ್ಪತ್ತು ಕೂತು, ಮೈಮೇಲೆ ಮೂರು ಪದರ ಹೊದ್ದು
ನನ್ನ ಗಾಡಿಯಲ್ಲೇ ಊರಿಗೆ ವಾಪಸು.
ಕೊಡಬೇಕಾದ್ದು ಟೈಲರ್ ಕೊಟ್ರಮ್ಮನಿಗೆ.
ಅವಳ ಮಾಳಿಗೆ ಹತ್ತಿದರೆ ಭಟ್ಟಿಯ ಹೊಗೆ ಕಾಣುತ್ತದೆ.

"ಇಲ್ಲೇ ಸಿಗ್ತತಲ್ರೀ ಅಕ್ಕ" ಅಂದೆ.
"ಸಿಗ್ತತಮ್ಮ. ನಾಳೆಗೆ ಹದಿನಾರು ಬ್ಲೌಸು ಕೊಡ್ಬೇಕು,
ಮಷೀನ್ ಬಿಟ್ಟು ಏಳೋರ್ಯಾರು? ನಿನ್ನ ಗಾಡಿ ಹೆಂಗೂ ಬರ್ತತಲ್ಲ,
ಹೊಗೆನೂ ಇಲ್ಲಂತೆ."
ಅಲ್ಲೇ ಹರಿದಳು, ನನ್ನ ಬೊಗಸೆಗೊಂದು ಹಿಡಿ ಸುರಿದಳು.
ಮೆತ್ತಗಾಗಿತ್ತು. ಉಪ್ಪು ಒಂಚೂರು ಜಾಸ್ತಿ,
ಅಮ್ಮಿಯ ಕೈ ಯಾವಾಗಲೂ ಹಾಗೇ.

ಅವಳು ಮೂಗೆಳೆದಳು. "ಏನೋ ಸುಟ್ಟ ವಾಸನೆ,
ಬ್ಯಾಟರಿ ನೋಡ್ಕೋ ಮಾರಾಯ್ತಿ."
ಗಾಡಿ ಅಲ್ರೀ, ನನ್ನ ದುಪಟ್ಟಾ.
ನಾನು, ಅಮ್ಮಿ ಒಂದೇ ಹಗ್ಗದ ಮೇಲೆ
ಬಟ್ಟೆ ಒಣಗಿಸ್ತೀವಿ.

ಓಟಿಪಿ ಹೇಳ್ರಿ, ಅಂದೆ.